ನಲವತ್ತು ಸುತ್ತಿನ ವ್ಯತ್ಯಾಸ

ಜೂನ್ ೩

ಬೆಳಗ್ಗೆ ಏಳೂ ಹತ್ತಕ್ಕೆ ಟಪಾಲು ವಿಮಾನ ಹಾರಿಸುವ ಪೈಲಟ್ ಸಾಹೇಬರಿಗೆ,

ಸ್ವಾಮೀ, ನೀವು ಯಾರೋ ನನಗೆ ಗೊತ್ತಿಲ್ಲ. ಅದಕ್ಕೇ ಲಕೋಟೆಯ ಮೇಲೆ ಹೀಗೆ ಬರೆದಿದ್ದೇನೆ. ನಾನು ನಿಮ್ಮ ದಾರಿಯ ಕೆಳಗೆ, ಒಬ್ಬ ಟೈಲರಮ್ಮನ ಅಂಗಡಿಯ ಮೇಲಿನ ಒಂಟಿ ಕೋಣೆಯಲ್ಲಿ ಬಾಡಿಗೆಗಿರುವ ಮುದುಕ. ಮೂವತ್ತನಾಲ್ಕು ವರ್ಷ ವಿಮಾನದ ಇಂಜಿನ್ ಬಿಚ್ಚಿ ಜೋಡಿಸಿದವನು. ನೀವು ಹಾರಿಸುತ್ತಿರುವ ಆ ಹಳೆಯ ವಿಮಾನ ನನಗಿಂತ ನಾಲ್ಕೇ ವರ್ಷ ಚಿಕ್ಕದು. ನನ್ನ ಕಿಟಕಿಗೆ ಆಕಾಶ ಕಾಣುವುದಿಲ್ಲ, ಎದುರಿನ ಗೋದಾಮಿನ ಗೋಡೆ ಮಾತ್ರ ಕಾಣುತ್ತದೆ. ಆದರೂ ಸದ್ದು ಕೇಳಿಯೇ ಹೇಳಬಲ್ಲೆ, ಒಂದೊಂದು ಕಡೆ ಒಂಬತ್ತು ಸಿಲಿಂಡರು, ಎರಡೆರಡು ಅಲಗಿನ ಪ್ರೊಪೆಲ್ಲರು.

ದಿನಾ ನನ್ನ ಚಾವಣಿಯ ಮೇಲೆಯೇ ನೀವು ಏರುವುದನ್ನು ನಿಲ್ಲಿಸಿ ನೆಟ್ಟಗಾಗುತ್ತೀರಿ. ಏರುವಾಗಿನ ಅಬ್ಬರ ತಗ್ಗಿಸಿ, ದಾರಿಯುದ್ದಕ್ಕೂ ಬೇಕಾದ ಶಕ್ತಿಗೆ ಇಂಜಿನ್‌ಗಳನ್ನು ಹೊಂದಿಸುತ್ತೀರಿ. ಅಲ್ಲಿಂದ ಶುರು ನೋಡಿ ನನ್ನ ತಲೆನೋವು. ವಂವ್, ವಂವ್, ವಂವ್. ಎರಡು ಪ್ರೊಪೆಲ್ಲರೂ ಒಂದೇ ವೇಗದಲ್ಲಿ ತಿರುಗದಿದ್ದರೆ ಏಳುವ ಅಲೆ ಅದು. ಗಡಿಯಾರ ಹಿಡಿದು ಎಣಿಸಿದೆ, ಕಾಲು ನಿಮಿಷಕ್ಕೆ ಇಪ್ಪತ್ತು, ನಿಮಿಷಕ್ಕೆ ಎಂಬತ್ತು. ಎರಡು ಅಲಗಾದ್ದರಿಂದ ಒಂದು ಸುತ್ತಿಗೆ ಎರಡು ಅಲೆ. ಅಂದರೆ ಒಂದು ಇಂಜಿನ್ ಇನ್ನೊಂದಕ್ಕಿಂತ ನಿಮಿಷಕ್ಕೆ ನಲವತ್ತು ಸುತ್ತು ಮುಂದೆ. ಯಾವುದು ಮುಂದೆ ಅನ್ನುವುದು ಕೆಳಗಿನಿಂದ ತಿಳಿಯುವುದಿಲ್ಲ, ಅದನ್ನು ನೀವೇ ನೋಡಿಕೊಳ್ಳಬೇಕು.

ಬೆಳಗಿನ ಚಹಾ ಗಂಟಲಲ್ಲಿ ಇಳಿಯುತ್ತಿಲ್ಲ. ದಯವಿಟ್ಟು ಸರಿಮಾಡಿಕೊಳ್ಳಿ.

ಇತಿ,
ಮೇಸ್ತ್ರಿ
(ಕೆಲಸದಲ್ಲಿ ಎಲ್ಲರೂ ಹಾಗೇ ಕರೆಯುತ್ತಿದ್ದರು)


ಜೂನ್ ೧೪

ಮೇಸ್ತ್ರಿಗಳಿಗೆ,

ನಾನು ಸ್ವಾಮಿಯೂ ಅಲ್ಲ, ಸಾಹೇಬನೂ ಅಲ್ಲ. ಹೆಂಗಸು. ವಯಸ್ಸು ಮೂವತ್ತೊಂಬತ್ತು. ನಿಮ್ಮ ಪತ್ರವನ್ನು ಕಚೇರಿಯಲ್ಲಿ ಗಟ್ಟಿಯಾಗಿ ಓದಿ ಎಲ್ಲರೂ ಹೊಟ್ಟೆ ಹಿಡಿದುಕೊಂಡು ನಕ್ಕರು. ನಮ್ಮ ಫಿಟ್ಟರ್ ಅಂತೂ, "ಮೇಡಂ, ಭೂಮಿ ಮೇಲಿಂದ ವಿಮಾನ ರಿಪೇರಿ ಮಾಡೋ ಮಹಾಶಯ ಸಿಕ್ಕಿದ್ದಾನೆ, ಬಿಡಬೇಡಿ" ಅಂದ.

ನಾನು ಇಂಜಿನ್ ಹೊಂದಿಸುವುದು ಪುಸ್ತಕದಲ್ಲಿ ಹೇಳಿದ ಹಾಗೆ. ಇಂಜಿನ್‌ಗೆ ಹೋಗುವ ಗಾಳಿಯ ಒತ್ತಡ ಇಪ್ಪತ್ತೆಂಟು ಇಂಚು, ಸುತ್ತು ನಿಮಿಷಕ್ಕೆ ಸಾವಿರದ ಒಂಬೈನೂರು. ಮಾಪಕದಲ್ಲಿ ಎಡಗಡೆಯ ಮುಳ್ಳೂ ಅಲ್ಲೇ, ಬಲಗಡೆಯ ಮುಳ್ಳೂ ಅಲ್ಲೇ. ಕೂದಲೆಳೆಯಷ್ಟೂ ಆಚೀಚೆ ಇಲ್ಲ. ತಲೆನೋವಿಗೆ ಬೇರೆ ಕಾರಣವಿದ್ದೀತು, ಡಾಕ್ಟರಿಗೆ ತೋರಿಸಿ.

ಇತಿ,
ಏಳೂ ಹತ್ತರ ಪೈಲಟ್


ಜೂನ್ ೧೮

ಪೈಲಟಮ್ಮನಿಗೆ,

ಹೆಂಗಸೆಂದು ತಿಳಿಯದೆ ಸ್ವಾಮೀ ಅಂದದ್ದಕ್ಕೆ ಕ್ಷಮೆ ಇರಲಿ. ಆದರೆ ಬರೆದ ಮಾತಿನಲ್ಲಿ ಒಂದಕ್ಷರವನ್ನೂ ಹಿಂತೆಗೆದುಕೊಳ್ಳುವುದಿಲ್ಲ.

ಮುಳ್ಳು ಸುಳ್ಳು ಹೇಳುತ್ತದಮ್ಮಾ. ಅರವತ್ತು ವರ್ಷದ ಮುಳ್ಳು. ಒಂದೇ ಒಂದು ಪ್ರಶ್ನೆ. ಕಿವಿಗೆ ಏನು ಹಾಕಿಕೊಂಡು ಹಾರಿಸುತ್ತೀರಿ? ಈಗ ಸದ್ದನ್ನೆಲ್ಲ ನುಂಗಿಹಾಕುವ ಹೆಡ್‌ಫೋನ್ ಬಂದಿದೆಯಂತಲ್ಲ, ಅದೇನಾ? ಹಾಗಿದ್ದರೆ ಮುಗಿಯಿತು. ಒಂದು ಕಿವಿಯಿಂದ ಅದನ್ನು ಸರಿಸಿ, ಇನ್ನೊಂದಕ್ಕೆ ರೇಡಿಯೋ ಇದ್ದೇ ಇರುತ್ತದೆ. ಎಡಗಡೆಯದನ್ನು ಮುಟ್ಟಬೇಡಿ. ಬಲಗಡೆಯ ಪ್ರೊಪೆಲ್ಲರಿನ ವೇಗ ಹೊಂದಿಸುವ ಹಿಡಿಯನ್ನು ಮಾತ್ರ ಅಕ್ಕಿಕಾಳಿನಷ್ಟು ಅಲ್ಲಾಡಿಸಿ ನೋಡಿ. ಆಮೇಲೆ ಫಿಟ್ಟರನ ಜೊತೆ ಕೂತು ನಗಿ.

ಮೇಸ್ತ್ರಿ


ಜೂನ್ ೨೯

ಮೇಸ್ತ್ರಿಗಳೇ,

ಸೋತೆ.

ಒಂದು ಕಿವಿ ಬಿಚ್ಚಿದೆ. ಅಯ್ಯೋ, ಎಂಥ ಸದ್ದು! ಎರಡು ವರ್ಷ ಆ ವಂವ್ ವಂವ್ ಒಳಗೇ ಕೂತು ನಾನು ಹಾರಿಸುತ್ತಿದ್ದೆನೆ? ನೀವು ಹೇಳಿದ ಹಾಗೆ ಬಲಗಡೆಯ ಹಿಡಿಯನ್ನು ಚೂರೇ ಚೂರು ಮುಂದೆ ತಳ್ಳಿದೆ. ಅಲೆ ನಿಧಾನವಾಯಿತು, ಇನ್ನೂ ನಿಧಾನವಾಯಿತು, ಆಮೇಲೆ ನಿಂತೇಹೋಯಿತು. ಎರಡು ಇಂಜಿನ್ ಒಂದೇ ಆದ ಹಾಗೆ. ಮೈಮೇಲೆ ಮುಳ್ಳೆದ್ದಿತು, ನಿಜಕ್ಕೂ. ಫಿಟ್ಟರ್ ಬೇರೆ ಮಾಪಕ ಹಿಡಿದು ನೋಡಿದ. ಬಲಗಡೆಯ ಮುಳ್ಳು ಸರಿಯಾಗಿ ನಲವತ್ತು ಸುತ್ತು ಸುಳ್ಳು. ಈಗ ಅವನು ನಿಮ್ಮ ಹೆಸರೆತ್ತಿದರೆ ಎದ್ದು ನಿಲ್ಲುತ್ತಾನೆ.

ಒಂದು ಮಾತು ಹೇಳಲೇ? ನನ್ನ ಪಕ್ಕದ ಸೀಟು ಖಾಲಿ. ಒಬ್ಬರೇ ಪೈಲಟ್ ಸಾಕೆಂದು ಅಲ್ಲಿ ಪಾರ್ಸಲ್ ತುಂಬಿರುತ್ತಾರೆ. ಹೋಗುವಾಗ ಎರಡು ಗಂಟೆ, ಬರುವಾಗ ಎರಡು ಗಂಟೆ, ನಾನು ಹೇಗೆ ಹಾರಿಸುತ್ತೇನೆ ಅಂತ ಈವರೆಗೆ ಯಾರೂ ಕೇಳಿಸಿಕೊಂಡಿರಲಿಲ್ಲ. ನಾಳೆಯಿಂದ ನಿಮ್ಮ ಚಾವಣಿಯ ಮೇಲೆ ಇಂಜಿನ್ ಹೊಂದಿಸಿದ ಮೇಲೆ ಬಲಗಡೆಯದನ್ನು ಬೇಕೆಂದೇ ಮೂರು ಸಲ ಇಪ್ಪತ್ತು ಸುತ್ತು ತಪ್ಪಿಸಿ ಮತ್ತೆ ಸರಿಮಾಡುತ್ತೇನೆ. ಮೂರು ಸಲ ಅಲೆ ಎದ್ದರೆ ನಾನು ನಮಸ್ಕಾರ ಹೇಳಿದೆ ಅಂತ ತಿಳಿಯಿರಿ.

ನಿಮ್ಮ,
ಪೈಲಟಮ್ಮ


ಜುಲೈ ೪

ಪೈಲಟಮ್ಮಾ,

ಕೇಳಿಸಿತು! ಮೂರು ಸಲ. ಒಬ್ಬನೇ ಕೂತು ಗಟ್ಟಿಯಾಗಿ ನಕ್ಕೆ. ಕೆಳಗಿನಿಂದ ಟೈಲರಮ್ಮ, "ಏನಾಯ್ತ್ರೀ, ಬಿದ್ರಾ?" ಅಂತ ಕೂಗಿದಳು.

ಇನ್ನು ನೀನು ಅನ್ನುತ್ತೇನೆ, ಬೇಸರ ಮಾಡಿಕೊಳ್ಳಬೇಡ. ಮೊನ್ನೆ ಬುಧವಾರ ಅವಸರದಲ್ಲಿದ್ದೆಯಾ? ಥ್ರಾಟಲ್ ಎಳೆದು ಒತ್ತಡ ತಗ್ಗಿಸುವ ಮೊದಲೇ ಸುತ್ತು ಇಳಿಸಿದೆ. ಇಂಜಿನ್ ನರಳಿದ್ದು ಇಲ್ಲಿಗೆ ಕೇಳಿತು. ಶಕ್ತಿ ಇಳಿಸುವಾಗ ಮೊದಲು ಒತ್ತಡ, ಆಮೇಲೆ ಸುತ್ತು. ಏರಿಸುವಾಗ ಮೊದಲು ಸುತ್ತು, ಆಮೇಲೆ ಒತ್ತಡ. ನಿದ್ದೆಯಲ್ಲಿ ಎಬ್ಬಿಸಿ ಕೇಳಿದರೂ ಬಾಯಿಗೆ ಬರಬೇಕು. ಇನ್ನು ಮಿಶ್ರಣ. ಮೇಲೆ ಗಾಳಿ ತೆಳು, ಪೆಟ್ರೋಲನ್ನೂ ತಕ್ಕಷ್ಟು ತೆಳು ಮಾಡಬೇಕು, ನಿನಗೆ ಗೊತ್ತಿರುವುದೇ. ಆದರೆ ಜಿಪುಣತನ ಮಾಡಬೇಡ. ತೆಳು ಮಾಡುತ್ತಾ ಹೋದಾಗ ಇಂಜಿನ್ ಒಂದು ಸಲ ಸಣ್ಣಗೆ ತೊದಲುತ್ತದೆ. ಅದನ್ನು ಕಿವಿಯಲ್ಲೇ ಹಿಡಿಯಬೇಕು. ಕೇಳಿದ ತಕ್ಷಣ ಮಿಶ್ರಣದ ಹಿಡಿಯನ್ನು ಮುಂದಕ್ಕೆ ತಳ್ಳಿ ಅದಕ್ಕೆ ಹೊಟ್ಟೆತುಂಬ ಪೆಟ್ರೋಲ್ ಕೊಡು. ಕೊಡದಿದ್ದರೆ ಸಿಲಿಂಡರಿನ ತಲೆ ಸುಟ್ಟು ಬಿರುಕು ಬಿಡುತ್ತದೆ.

ನಮ್ಮ ಕೆಲಸದಲ್ಲಿ ಕಿವಿಯೇ ಎಲ್ಲ. ಉದ್ದ ಸ್ಕ್ರೂಡ್ರೈವರಿನ ತುದಿಯನ್ನು ಓಡುವ ಇಂಜಿನ್‌ಗೆ ಒತ್ತಿ, ಹಿಡಿಯನ್ನು ಕಿವಿಯ ಹಿಂದಿನ ಮೂಳೆಗೆ ಆನಿಸಿ ಕೇಳುತ್ತಿದ್ದೆವು. ನನ್ನ ಪಕ್ಕದಲ್ಲೇ ಹದಿನೆಂಟು ವರ್ಷ ಕೆಲಸ ಮಾಡಿದ ಗೆಳೆಯನೊಬ್ಬನಿದ್ದ. ಅವನಿಗೆ ಕಿವಿ ಮಂದವಾದಾಗ ಮ್ಯಾನೇಜರ್ ಮುಂದೆ ನಿಂತು ನಾನೇ ಹೇಳಿದೆ, "ಕಿವಿ ಇಲ್ದೋನು ಇಂಜಿನ್ ಮುಟ್ಟಬಾರದು." ಅವನನ್ನು ಮನೆಗೆ ಕಳಿಸಿದರು. ಆಮೇಲೆ ಅವನು ನನ್ನ ಜೊತೆ ಮಾತಾಡಲೇ ಇಲ್ಲ. ಮಾತಾಡಿದ್ದರೂ ಅವನಿಗೆ ಕೇಳುತ್ತಿರಲಿಲ್ಲ, ಬಿಡು.

ಮೇಸ್ತ್ರಿ


ಜುಲೈ ೨೭

ಮೇಸ್ತ್ರಿ ತಾತಾ,

ತಾತ ಅಂದೆ, ಸಿಟ್ಟಾಗಬೇಡಿ. ನೀವು ಕೇಳದೆ ನೀನು ಅಂದಿರಲ್ಲ, ಅದಕ್ಕೆ ಇದು.

ನಾನಿರುವುದು ನಿಲ್ದಾಣದ ಹಿಂದಿನ ಸಿಬ್ಬಂದಿ ಕೋಣೆಯಲ್ಲಿ. ಒಂದು ಮಂಚ, ಒಂದು ಕೆಟ್ಲು, ಗೋಡೆಗೆ ಹೊಡೆದ ಎರಡು ಮೊಳೆ. ಒಂದರಲ್ಲಿ ಸಮವಸ್ತ್ರ, ಇನ್ನೊಂದರಲ್ಲಿ ಟವೆಲ್. ಮದುವೆಯೊಂದಾಗಿತ್ತು, ಅದು ಮುಗಿದು ಐದು ವರ್ಷ. ಅಣ್ಣನೊಬ್ಬನಿದ್ದಾನೆ. ಫೋನ್ ಮಾಡಿದರೆ, "ಅರ್ಜೆಂಟಾ? ಆಮೇಲೆ ಮಾಡ್ಲಾ?" ಅನ್ನುತ್ತಾನೆ. ಅರ್ಜೆಂಟ್ ಏನೂ ಇರುವುದಿಲ್ಲ, ಆಮೇಲೆ ಅವನು ಮಾಡುವುದೂ ಇಲ್ಲ. ಅಮ್ಮ ಇರುವಾಗ ಪ್ರತಿ ಸಲ ಇಳಿದ ಕೂಡಲೇ "ತಲುಪಿದೆ" ಅಂತ ಹೇಳಬೇಕಿತ್ತು. ರೇಗುತ್ತಿದ್ದೆ. ಈಗ ಹಾಗೆ ಹೇಳುವುದಕ್ಕೆ ಒಬ್ಬರೂ ಇಲ್ಲ.

ಅದಕ್ಕೇ ನಿಮಗೆ ಹೇಳುತ್ತೇನೆ. ಇವತ್ತೂ ತಲುಪಿದೆ.

ನಿಮ್ಮ ಪೈಲಟಮ್ಮ


ಆಗಸ್ಟ್ ೩೦

ಪೈಲಟಮ್ಮಾ,

ಉತ್ತರ ತಡವಾಯಿತು. ಸ್ವಲ್ಪ ಜ್ವರ ಬಂದಿತ್ತು, ಈಗ ಏನೂ ತೊಂದರೆಯಿಲ್ಲ.

ಇವತ್ತು ಬೆಳಗ್ಗೆ ಕೇಳಿಸಿತು. ಮೂರು ಸಲ. ಎರಡೂ ಇಂಜಿನ್ ಒಂದೇ ಗಂಟಲು.

ಮೇಸ್ತ್ರಿ


ಸೆಪ್ಟೆಂಬರ್ ೨೫

ತಾತಾ,

ಜ್ವರ ಬಿಟ್ಟಿತಲ್ಲ, ಸದ್ಯ. ಹೌದು, ದಿನಾ ಮೂರು ಸಲ ಮಾಡುತ್ತಿದ್ದೇನೆ. ನಿಮಗೆ ಕೇಳಿಸುತ್ತಿದೆಯಲ್ಲ, ಅಷ್ಟು ಸಾಕು. ಕೆಲಸ ಜಾಸ್ತಿ, ಹೆಚ್ಚು ಬರೆಯಲು ಆಗುತ್ತಿಲ್ಲ.

ಪೈಲಟಮ್ಮ


ಅಕ್ಟೋಬರ್ ೧೯

ತಾತಾ,

ಒಂದು ಕಷ್ಟ ಬಂದಿದೆ. ಬಲಗಡೆಯ ಇಂಜಿನ್ ಮೊದಲಿಗಿಂತ ಹೆಚ್ಚು ಎಣ್ಣೆ ಕುಡಿಯುತ್ತಿದೆ. ಒತ್ತಡ ಇಪ್ಪತ್ತೆಂಟು ಇಂಚಿಗಿಟ್ಟರೆ ಕಾಲಡಿಯ ತಗಡಿಗೆ ಸಣ್ಣ ನಡುಕ ಬರುತ್ತದೆ, ಇಪ್ಪತ್ತಾರಕ್ಕಿಳಿಸಿದರೆ ಹೋಗುತ್ತದೆ. ಫಿಟ್ಟರ್ ಹೇಳುತ್ತಾನೆ, "ಬಿಚ್ಚಿ ನೋಡೇ ಬಿಡೋಣ ಮೇಡಂ." ಬಿಚ್ಚಿದರೆ ಬಿಡಿಭಾಗ ಬರುವವರೆಗೆ ಎರಡು ತಿಂಗಳಾದರೂ ವಿಮಾನ ನೆಲದ ಮೇಲೆ. ಮಾಲೀಕರು, "ಹಾರಿಸೋರು ನೀವು, ನೀವೇ ಹೇಳಿ" ಅಂದುಬಿಟ್ಟರು.

ಎರಡು ತಿಂಗಳು ಈ ಕೋಣೆಯಲ್ಲಿ ಕೂತಿರುವುದನ್ನು ನೆನೆಸಿಕೊಂಡರೇ ಭಯವಾಗುತ್ತದೆ. ಆದರೆ ದಾರಿಯಲ್ಲಿ ಗುಡ್ಡಗಳಿವೆ. ಅಲ್ಲಿ ಒಂದು ಇಂಜಿನ್ ಕೈಕೊಟ್ಟರೆ ನಾನು ಉಳಿಯುವುದಿಲ್ಲ. ನಿಮ್ಮ ಕಿವಿಯ ಮೇಲೆ ನನಗೆ ನಂಬಿಕೆಯಿದೆ. ಮುಂದಿನ ಸೋಮವಾರದಿಂದ ಏಳು ದಿನ ಬಲಗಡೆಯದನ್ನು ಗಮನಕೊಟ್ಟು ಕೇಳಿ. ನೀವು ಹೇಳಿದ ಹಾಗೆ ಮಾಡುತ್ತೇನೆ.

ಪೈಲಟಮ್ಮ


ನವೆಂಬರ್ ೨

ಪೈಲಟಮ್ಮಾ,

ಏಳು ದಿನವೂ ಕೇಳಿದೆ. ಸೋಮವಾರ ಬಲಗಡೆಯದು ಸರಿಯಾಗಿತ್ತು. ಮಂಗಳವಾರ ಇನ್ನೂ ಚೆನ್ನಾಗಿತ್ತು. ಬುಧವಾರ ನೀನು ಮಿಶ್ರಣ ತುಸು ಬೇಗ ತೆಳು ಮಾಡಿದೆ ಅನ್ನಿಸಿತು, ಅಷ್ಟೇ. ಗುರುವಾರದ್ದಂತೂ ಏನು ಹೇಳಲಿ, ಇಷ್ಟು ತಿಂಗಳಲ್ಲಿ ಅಷ್ಟು ಶುದ್ಧವಾದ ಸದ್ದನ್ನು ಕೇಳಿಯೇ ಇಲ್ಲ. ನಿನ್ನ ನಮಸ್ಕಾರವೂ ಮೂರು ಸಲ ಸ್ಪಷ್ಟವಾಗಿ ಬಂತು. ಶುಕ್ರ, ಶನಿ, ಭಾನು, ಯಾವ ದಿನವೂ ತೊಂದರೆ ಕಾಣಲಿಲ್ಲ.

ಬಿಚ್ಚಿಸುವುದೇನೂ ಬೇಡ. ಹಳೆಯ ಇಂಜಿನ್ ಒಂದಷ್ಟು ಎಣ್ಣೆ ಕುಡಿಯುವುದು ಇದ್ದದ್ದೇ. ಹಾರುತ್ತಿರು.

ಮೇಸ್ತ್ರಿ


ನವೆಂಬರ್ ೭

ಮಾನ್ಯರೇ,

ನಿಮ್ಮ ಪತ್ರ ತಲುಪಿತು. ಬಲಗಡೆಯ ಇಂಜಿನ್ ಬಿಚ್ಚಿಸುತ್ತಿದ್ದೇನೆ. ಎರಡು ತಿಂಗಳು ವಿಮಾನ ಹಾರುವುದಿಲ್ಲ.

ಗುರುವಾರ ಇಲ್ಲಿ ದಟ್ಟ ಮಂಜು ಕವಿದಿತ್ತು. ವಿಮಾನ ಇಡೀ ದಿನ ಶೆಡ್ಡಿನಿಂದ ಹೊರಗೆ ಬರಲಿಲ್ಲ.

ಪೈಲಟ್


ಡಿಸೆಂಬರ್ ೧೨

ಅಮ್ಮಾ,

ಐದು ವಾರದಿಂದ ಈ ಪತ್ರ ಬರೆದು ಹರಿಯುತ್ತಿದ್ದೇನೆ. ಇದನ್ನು ಹರಿಯುವುದಿಲ್ಲ.

ನನಗೆ ಕಿವಿ ಕೇಳುವುದಿಲ್ಲ. ಎಡಗಿವಿ ಹೋಗಿ ಆರು ವರ್ಷವಾಯಿತು. ಬಲಗಿವಿಯೊಂದಿತ್ತು, ಅದರಲ್ಲೇ ನಿನ್ನ ನಲವತ್ತು ಸುತ್ತನ್ನು ಹಿಡಿದೆ. ಆಗಸ್ಟಿನಲ್ಲಿ ಜ್ವರ ಬಂತಲ್ಲ, ಅದು ಹೋಗುವಾಗ ಉಳಿದೊಂದು ಕಿವಿಯನ್ನೂ ಕರೆದುಕೊಂಡು ಹೋಯಿತು. ಬೆಳಗ್ಗೆ ಎದ್ದಾಗ ಟೈಲರಮ್ಮನ ಹೊಲಿಗೆ ಮಿಷನ್ನಿನ ಸದ್ದಿರಲಿಲ್ಲ. ಇವತ್ತು ರಜೆ ಅಂದುಕೊಂಡೆ. ಕೆಳಗಿಳಿದು ನೋಡಿದರೆ ಅವಳು ಹೊಲಿಯುತ್ತಿದ್ದಳು.

ಯಾರಿಗೂ ಹೇಳಲಿಲ್ಲ. ಟೈಲರಮ್ಮ ಏನೇ ಹೇಳಿದರೂ ತಲೆಯಾಡಿಸಿ "ಚೆನ್ನಾಗಿದೆ" ಅನ್ನುತ್ತಿದ್ದೆ. ಒಂದು ದಿನ ಅವಳು ಕೇಳಿದ್ದು ಗ್ಯಾಸ್ ಆರಿಸಿದ್ದೀರಾ ಅಂತ ಆಮೇಲೆ ಊಹಿಸಿದೆ. ಹಾಲು ಸುಟ್ಟು ಪಾತ್ರೆ ಕರಕಲಾಗಿತ್ತು.

ಆದರೂ ದಿನಾ ಏಳೂ ಹತ್ತಕ್ಕೆ ಕಿಟಕಿಯ ಪಕ್ಕದ ಕುರ್ಚಿಯಲ್ಲಿ ಕೂರುತ್ತಿದ್ದೆ. ಸ್ಕ್ರೂಡ್ರೈವರಿನ ತುದಿಯನ್ನು ಕಿಟಕಿಯ ಚೌಕಟ್ಟಿಗೆ ಒತ್ತಿ ಹಿಡಿಯನ್ನು ಮೂಳೆಗೆ ಆನಿಸಿ ನೋಡಿದೆ. ಹಲ್ಲಿನಲ್ಲಿ ಕಚ್ಚಿ ನೋಡಿದೆ. ಏನೂ ಬರಲಿಲ್ಲ. ಆಗ ನೆನಪಿನಿಂದ ಕೇಳಿಸಿಕೊಳ್ಳಲು ಶುರುಮಾಡಿದೆ. ಏರುವ ಅಬ್ಬರ, ಒತ್ತಡ ಇಳಿಯಿತು, ಸುತ್ತು ಇಳಿಯಿತು, ಈಗ ಮೂರು ನಮಸ್ಕಾರ. ಮುಗಿದ ಮೇಲೆ ಚಹಾ. ಬೀದಿಗಿಳಿದು ತಲೆಯೆತ್ತಿ ನೋಡಬಹುದಿತ್ತು. ಇಳಿಯಲಿಲ್ಲ. ವಿಮಾನ ಕಣ್ಣಿಗೆ ಕಂಡು ಕಿವಿಗೆ ಕೇಳದಿದ್ದರೆ ನಾನೇನು ಮಾಡಲಿ ಅನ್ನುವ ಭಯ.

ನೀನು ಇಂಜಿನ್ ವಿಷಯ ಬರೆದಾಗಲೇ ಹೇಳಬೇಕಿತ್ತು. ಆ ರಾತ್ರಿ ಬರೆಯಲು ಕೂತೆ ಕೂಡ. ಆದರೆ ಹೇಳಿದರೆ ಮೇಸ್ತ್ರಿಯ ಅಭಿಪ್ರಾಯ ಇನ್ನು ಯಾರಿಗೂ ಬೇಡ. ಪತ್ರ ನಿಂತುಹೋಗುತ್ತದೆ. ಬಿಚ್ಚಿಸು ಅಂದರೆ ಎರಡು ತಿಂಗಳು ನನ್ನ ತಲೆಯೊಳಗಿನ ಏಳೂ ಹತ್ತೂ ನಿಂತುಹೋಗುತ್ತದೆ. ಅಷ್ಟಕ್ಕೋಸ್ಕರ ನಿನ್ನ ಪ್ರಾಣವನ್ನು ಪಣಕ್ಕಿಟ್ಟೆ. ಎಂಥ ಮನುಷ್ಯ ನಾನು!

ಗೆಳೆಯನ ಬಗ್ಗೆ ಅಂದು ನಾನಾಡಿದ ಮಾತು ಸರಿಯಾಗಿಯೇ ಇತ್ತು. ಅವನನ್ನು ಮನೆಗೆ ಹೋಗಿ ನೋಡಲಿಲ್ಲ, ಅದು ತಪ್ಪು. ನನ್ನ ಮಾತನ್ನು ಇನ್ನು ನಂಬಬೇಡ. ಉತ್ತರ ಬರೆಯಬೇಕಾಗಿಲ್ಲ.

ಮೇಸ್ತ್ರಿ


ಜನವರಿ ೯

ತಾತಾ,

ಸಿಟ್ಟು ಬಂದಿತ್ತು, ಈಗಲೂ ಇದೆ. ಬಲಗಡೆಯ ಐದನೇ ಸಿಲಿಂಡರಿನ ತಲೆ ಬಿರುಕು ಬಿಟ್ಟಿತ್ತು. ಉಗುರಿನಷ್ಟು ಉದ್ದ. ಫಿಟ್ಟರ್ ಕೈಯಲ್ಲಿ ಹಿಡಿದು, "ಇನ್ನು ಹತ್ತು ದಿನ ಹಾರಿಸಿದ್ರೆ ಇದು ಕಿತ್ಕೊಂಡು ಹೋಗ್ತಿತ್ತು ಮೇಡಂ" ಅಂದ. ನೀವು ನನ್ನನ್ನು ಸಾಯಿಸುತ್ತಿದ್ದಿರಿ ತಾತಾ. ಇದನ್ನು ಬರೆಯದೆ ಮುಂದಕ್ಕೆ ಹೋಗಲಾರೆ.

ಈಗ ನನ್ನದನ್ನು ಹೇಳುತ್ತೇನೆ. ಬಿರುಕು ಬಿಟ್ಟದ್ದು ಯಾಕೆ ಗೊತ್ತೇ? ಮಿಶ್ರಣ ಅತಿಯಾಗಿ ತೆಳುವಾಗಿ, ಸುಟ್ಟು. ನೀವು ಹೇಳಿದ ಆ ತೊದಲು ನನಗೆ ಕೇಳಿಸಲಿಲ್ಲ. ಆಗಸ್ಟಿನ ಮಧ್ಯದಿಂದ ನಾನು ಮತ್ತೆ ಎರಡೂ ಕಿವಿಗೆ ಹೆಡ್‌ಫೋನ್ ಹಾಕಿಕೊಂಡಿದ್ದೆ. ಸದ್ದಿಗೆ ತಲೆ ಸಿಡಿಯುತ್ತಿತ್ತು, ಸೋಮಾರಿತನ ಬೇರೆ. ಮುಳ್ಳನ್ನು ಸರಿಪಡಿಸಿದ್ದರಲ್ಲ, ಅದನ್ನೇ ನೋಡಿ ಹೊಂದಿಸಿ ಹಾಡು ಕೇಳುತ್ತಾ ಹೋಗುತ್ತಿದ್ದೆ. ನಮಸ್ಕಾರ ಹೇಳುವುದನ್ನೂ ಬಿಟ್ಟೆ. ಮೊದಲು ಒಂದು ದಿನ ಮರೆತೆ, ಆಮೇಲೆ ಪೂರ್ತಿ ಬಿಟ್ಟೇಬಿಟ್ಟೆ.

ಆಗ ನಿಮ್ಮ ಪತ್ರ ಬಂತು, "ಕೇಳಿಸಿತು. ಮೂರು ಸಲ." ನಾನು ಮಾಡಿಯೇ ಇರಲಿಲ್ಲ! ನನ್ನ ಮನಸ್ಸು ನೋಯದಿರಲಿ ಅಂತ ಹಾಗೆ ಬರೆದಿದ್ದೀರಿ ಅಂದುಕೊಂಡೆ. ನಾಚಿಕೆಯಾಯಿತು. ನಾಚಿಕೆಯಲ್ಲೇ "ದಿನಾ ಮಾಡುತ್ತಿದ್ದೇನೆ" ಅಂತ ಸುಳ್ಳು ಬರೆದೆ. ಅವತ್ತೇ ನಿಜ ಬರೆದಿದ್ದರೆ ನಿಮ್ಮ ಕಿವಿಯ ವಿಷಯ ಅವತ್ತೇ ಗೊತ್ತಾಗುತ್ತಿತ್ತು. ನಾನು ಮಾಡದ ನಮಸ್ಕಾರಕ್ಕೆ ನೀವು ಕೇಳದ ಕಿವಿಯಿಂದ ಉತ್ತರ ಬರೆದಿರಿ. ಇಬ್ಬರೂ ಎಷ್ಟು ದಿನ ಹೀಗೆ ಬರೆದುಕೊಂಡೆವು! ಈ ಎರಡು ತಿಂಗಳು ಕೋಣೆಯಲ್ಲಿ ಕೂತು ಇದನ್ನೇ ಯೋಚಿಸಿದ್ದೇನೆ. ಅಳುವೂ ಬಂತು, ನಗುವೂ ಬಂತು.

ಹೊಸ ಸಿಲಿಂಡರ್ ಬಂದಿದೆ. ಫೆಬ್ರವರಿ ಹತ್ತರಂದು ಸರಕಿಲ್ಲದೆ ಪರೀಕ್ಷೆಗೆ ಹಾರಿಸುತ್ತೇನೆ. ಪಕ್ಕದ ಸೀಟಿನ ಪಾರ್ಸಲ್‌ಗಳನ್ನು ತೆಗೆಸಿದ್ದೇನೆ. ಮಾಲೀಕರ ಒಪ್ಪಿಗೆ ಪಡೆದಾಗಿದೆ. ಕಿವಿ ಹೋದರೆ ಹೋಗಲಿ, ಕೈ ಇದೆಯಲ್ಲ. ಆರು ಗಂಟೆಗೆ ನಿಮ್ಮ ಬಾಗಿಲಿಗೆ ಕಂಪನಿಯ ವ್ಯಾನು ಬರುತ್ತದೆ. ಹಾರ್ನ್ ಕೇಳದು, ಕೆಳಗೆ ಬಂದು ನಿಂತಿರಿ.

ಪೈಲಟಮ್ಮ


ಫೆಬ್ರವರಿ ೧೧

ಪೈಲಟಮ್ಮಾ,

ನಿನ್ನೆ ಮನೆಗೆ ಬಂದಾಗ ಟೈಲರಮ್ಮ ಕಪ್ಪು ಬಟ್ಟೆಯ ತುಂಡಿನ ಮೇಲೆ ಗುರುತು ಹಾಕುವ ಸೀಮೆಸುಣ್ಣದಲ್ಲಿ ಬರೆದು ಕೇಳಿದಳು, "ಹೆಂಗಿತ್ತು?" ಅವಳಿಗೂ ಹೇಳಿಯಾಯಿತು. "ಎಷ್ಟು ಜಂಬ ಈ ಮುದುಕನಿಗೆ ಅಂದ್ಕೊಂಡಿದ್ದೆ" ಅಂತ ಬರೆದು ತೋರಿಸಿದಳು. ಬಟ್ಟೆ ಒರೆಸಿ ಒರೆಸಿ ಅರ್ಧ ಗಂಟೆ ಮಾತಾಡಿದೆವು.

ಹಾರುವಾಗ ನೀನು ದಾರಿಯುದ್ದಕ್ಕೂ ಏನೋ ಹೇಳುತ್ತಿದ್ದೆ. ಒಂದೂ ಕೇಳಲಿಲ್ಲ. ಹಳೆಯ ಚಾಳಿ, ತಲೆಯಾಡಿಸಿಬಿಟ್ಟೆ. ಏನು ಹೇಳಿದೆ ಅಂತ ಬರೆದು ಕಳಿಸು.

ಈಗ ಕೆಲಸದ ಮಾತು. ನೀನು ಮೊದಲು ಒತ್ತಡ, ಆಮೇಲೆ ಸುತ್ತು ಇಳಿಸಿದೆ, ಸರಿ. ಒಂದು ಕಿವಿ ಬಿಚ್ಚಿಟ್ಟಿದ್ದೆ, ಅದೂ ಸರಿ. ಆಮೇಲೆ ನನ್ನ ಅಂಗೈಯನ್ನು ಹಿಡಿಗಳ ಮೇಲಿಟ್ಟೆಯಲ್ಲ, ಆಗ ಎಣಿಸಿದೆ. ಕಾಲು ನಿಮಿಷಕ್ಕೆ ಐದು ಮಿಡಿತ. ಅಂದರೆ ಇನ್ನೂ ಹತ್ತು ಸುತ್ತಿನ ವ್ಯತ್ಯಾಸ ಇದೆ. ನೀನು ಸಾಕು ಅಂದುಕೊಂಡು ಕೈ ತೆಗೆದಿದ್ದೆ. ಅದಕ್ಕೇ ನಾನು ಬಲಗಡೆಯದನ್ನು ಒಂಚೂರು ತಳ್ಳಿದ್ದು. ಮಿಡಿತ ನಿಂತಿತು. ಆರು ತಿಂಗಳ ಮೇಲೆ ನನಗೊಂದು ಇಂಜಿನ್ ಸಿಕ್ಕಿತು.

ನೀನು ಕೆಳಗೆ ಬೆರಳು ತೋರಿಸಿದಾಗ ನೋಡಿದೆ. ಗೋದಾಮು, ಅದರ ಪಕ್ಕ ನನ್ನ ಚಾವಣಿ, ಬೆಂಕಿಪೊಟ್ಟಣದಷ್ಟು. ಅದರ ಕೆಳಗೆ, ಕಣ್ಣಿಗೆ ಕಾಣದಿದ್ದರೂ ನನಗೆ ಗೊತ್ತು, ಕಿಟಕಿ, ಕಿಟಕಿಯ ಪಕ್ಕ ಖಾಲಿ ಕುರ್ಚಿ. ಆ ಕುರ್ಚಿಯಲ್ಲಿ ಕೂತಿದ್ದವನು ಇಷ್ಟು ಎತ್ತರದಿಂದ ಒಂದು ಚುಕ್ಕೆಯಾಗಿಯೂ ಕಾಣುತ್ತಿರಲಿಲ್ಲ ಅನ್ನಿಸಿತು. ಆಗಲೇ ನೀನು ಬಲಗಡೆಯ ಹಿಡಿಯನ್ನು ಮೂರು ಸಲ ತಪ್ಪಿಸಿ ಸರಿಮಾಡಿದೆ. ಮೂರೂ ಅಂಗೈಗೆ ಬಂತು. ಬಿಸಿಲಿಗೆ ಕಣ್ಣೊರೆಸಿಕೊಂಡೆ ಅಂದುಕೊಂಡಿರುತ್ತೀಯ. ಬಿಸಿಲಿಗಲ್ಲ.

ಇವತ್ತು ಬೆಳಗ್ಗೆ ಏಳೂ ಹತ್ತಕ್ಕೆ ಮತ್ತೆ ಕುರ್ಚಿಯಲ್ಲಿ ಕೂತೆ. ಕಿಟಕಿಯ ಚೌಕಟ್ಟಿನ ಮೇಲೆ ಅಂಗೈ ಇಟ್ಟೆ. ಏನೂ ಬರಲಿಲ್ಲ. ನಿನ್ನೆಯದನ್ನು ನೆನಪು ಮಾಡಿಕೊಂಡು ಕೇಳಿಸಿತು ಅಂತ ಬರೆಯಬಹುದಿತ್ತು, ಬರೆಯುವುದಿಲ್ಲ. ನೀನು ಹಾರಿದೆಯೋ, ಮಂಜು ಕವಿದು ಶೆಡ್ಡಿನಲ್ಲೇ ಉಳಿದೆಯೋ, ನನಗೆ ಗೊತ್ತಿಲ್ಲ.

ತಲುಪಿದೆಯಾ? ಬರೆ.

ಮೇಸ್ತ್ರಿ ತಾತ